ಸಡಿಲವಾಗಿ ಕಟ್ಟಿದ ಬಟ್ಟೆ

ಜೂನ್ 9

ಅಕ್ಕನಿಗೆ,

ನಾನು ಶಾಲೆ ಬಿಟ್ಟು ನಾಲ್ಕು ತಿಂಗಳಾಯಿತು. ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ನೀನು ಫೋನಿನಲ್ಲಿ ‘ಓದು ಹೇಗೆ ಸಾಗಿದೆಯೋ’ ಎಂದು ಕೇಳಿದಾಗಲೆಲ್ಲ ಒಲೆಯ ಮೇಲೆ ಹಾಲಿದೆ ಎಂದು ಭಾವನ ಕೈಗೆ ಫೋನು ಕೊಟ್ಟು ಓಡುತ್ತಿದ್ದೆನಲ್ಲ, ಅದಕ್ಕೇ. ಒಲೆಯ ಮೇಲೆ ನಿಜವಾಗಿ ಹಾಲು ಇಟ್ಟೇ ಓಡುತ್ತಿದ್ದೆ. ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಬಸುರಿಯಾಗಿ ಅಮ್ಮನ ಮನೆ ಸೇರಿದ ನಿನಗೆ ಡಾಕ್ಟರು ಹಾಸಿಗೆಯಿಂದ ಏಳಬೇಡ ಎಂದಿರುವಾಗ ಈ ಸುದ್ದಿ ಕೊಡಬಾರದೆಂದು ಭಾವ ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ನೀನು ಅಂಗಳದಲ್ಲಿ ಓಡಾಡುತ್ತಿದ್ದೀಯ ಎಂದು ಅಮ್ಮ ಹೇಳಿದಳು. ಅಲ್ಲಿಗೆ ಮಾತಿನ ಅವಧಿ ಮುಗಿಯಿತು ಎಂದು ನಾನು ಲೆಕ್ಕ ಹಾಕಿದೆ. ಭಾವ ಒಪ್ಪಲಿಲ್ಲ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಅಮ್ಮ ನಿನ್ನ ಪಕ್ಕದಲ್ಲೇ ಕಿವಿ ಇಟ್ಟುಕೊಂಡು ನಿಂತಿರುತ್ತಾಳೆ.

ಯಾಕೆ ಬಿಟ್ಟೆ ಎಂದರೆ ದೊಡ್ಡ ಕಾರಣವಿಲ್ಲ. ಬೆಂಚಿನ ಮೇಲೆ ಕೂರಲು ಆಗಲಿಲ್ಲ. ಕಾಲು ತಾನಾಗಿಯೇ ಎದ್ದು ಹೊರಟುಬಿಡುತ್ತಿತ್ತು.

ಈಗ ಭಾವನ ಜೊತೆ ಪ್ರೆಸ್ಸಿನಲ್ಲೇ ಇದ್ದೇನೆ. ನೀನು ಈ ಮಿಷನ್ನನ್ನು ಬಾಗಿಲಿನಿಂದ ನೋಡಿದ್ದೀಯ, ಹತ್ತಿರದಿಂದ ನೋಡಿಲ್ಲ. ನಾಲ್ಕು ದೊಡ್ಡ ಕಬ್ಬಿಣದ ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತಿದೆ. ಒಂದೊಂದು ಬೀರುವಿಗೆ ಒಂದೊಂದು ಬಣ್ಣ. ಹಾಳೆ ಈ ತುದಿಯಲ್ಲಿ ಬಿಳಿಯಾಗಿ ಒಳಗೆ ಹೋಗಿ, ಒಂದು ಉರುಳೆಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ, ಆ ತುದಿಯಲ್ಲಿ ಬಣ್ಣ ತುಂಬಿಕೊಂಡು ಬೀಳುತ್ತದೆ. ಇಂಕು ಇನ್ನೂ ಹಸಿಯಾಗಿರುತ್ತದೆ. ಆ ಹಸಿ ಮುಖವನ್ನೇ ಕೆಳಗೆ ಮಾಡಿಕೊಂಡು ಹಾಳೆ ಮುಂದಿನ ಉರುಳೆಯ ಮೇಲೆ ಮಲಗಬೇಕು. ಒಂದಿಷ್ಟು ಉಜ್ಜಿತೋ, ಮಾರ್ಕು ಬಿತ್ತು. ಹಾಗೆ ಉಜ್ಜಬಾರದೆಂದು ಉರುಳೆಗೆ ತೆಳ್ಳನೆಯ ನೀಲಿ ನೆಟ್ಟಿನ ಬಟ್ಟೆ ಸುತ್ತಿರುತ್ತಾರೆ, ಸೊಳ್ಳೆಪರದೆಯ ಹಾಗೆ.

ಮೊದಲ ವಾರವೇ ನಾನೊಂದು ಎಡವಟ್ಟು ಮಾಡಿದೆ. ಬಟ್ಟೆ ಜೋಲುತ್ತಿದೆಯಲ್ಲ, ಇವರಿಗೆ ಅಚ್ಚುಕಟ್ಟು ಗೊತ್ತಿಲ್ಲ ಎಂದುಕೊಂಡು ಅದನ್ನು ಎಳೆದು ಬಿಗಿಯಾಗಿ ಕಟ್ಟಿದೆ. ತಬಲದ ಹಾಗೆ ಆಯಿತು. ಮರುದಿನ ಹಾಳೆಗಳೆಲ್ಲ ಬೆಕ್ಕು ಪರಚಿದಂತೆ ಬಂದವು. ಭಾವ ಕೂಗಾಡಲಿಲ್ಲ. ಬಟ್ಟೆ ಬಿಚ್ಚಿ, ಸಡಿಲವಾಗಿ ಕಟ್ಟಿ, ಅಂಗೈಯಿಂದ ಅತ್ತಿತ್ತ ಸರಿಸಿ ತೋರಿಸಿದರು.

‘ಹಾಳೆ ಎತ್ತ ಎಳೆಯುತ್ತೋ ಬಟ್ಟೆ ಅತ್ತ ಹೋಗಬೇಕು. ಅದರ ಜೊತೇಲೇ ಸರಿದ್ರೆ ಉಜ್ಜೋದಿಲ್ಲ. ಬಿಗಿ ಕಟ್ಟಿದ್ರೆ ಜಗಳಕ್ಕೆ ನಿಲ್ಲುತ್ತೆ, ನಿಮ್ಮಕ್ಕನ ಹಾಗೆ.’

ಇದನ್ನು ನಿನಗೆ ಬರೆಯಬೇಡ ಎಂದರು. ಬರೆದಿದ್ದೇನೆ.

ಭಾವನ ಕೈಚಳಕ ನೋಡಬೇಕು ನೀನು. ಬಟ್ಟೆಗೆ ಇಂಕು ಹತ್ತಿ ಮಾರ್ಕು ಶುರುವಾದರೆ ಬೇರೆಯವರು ಮಿಷನ್ ನಿಲ್ಲಿಸಿ ಒರೆಸಬೇಕು. ಭಾವ ನಿಲ್ಲಿಸುವುದೇ ಇಲ್ಲ. ಎರಡು ಬೀರುಗಳ ನಡುವೆ ಕೈ ಕಾಯಲೆಂದು ಒಂದು ಗಾರ್ಡ್ ಬಾಗಿಲಿದೆ, ತೆಗೆದರೆ ಮಿಷನ್ ತಾನಾಗಿ ನಿಲ್ಲುವಂತೆ ಅದಕ್ಕೊಂದು ಸ್ವಿಚ್ಚು. ಭಾವ ಹಳೆಯ ರೇಡಿಯೊದಿಂದ ಕಿತ್ತ ಅಯಸ್ಕಾಂತವನ್ನು ಆ ಸ್ವಿಚ್ಚಿನ ಮೇಲೆ ಇಡುತ್ತಾರೆ. ಮಿಷನ್ನಿಗೆ ಬಾಗಿಲು ಮುಚ್ಚಿದೆ ಎಂದೇ ಭ್ರಮೆ. ಅದು ನಿಧಾನಕ್ಕೆ ತಿರುಗುತ್ತಿರುವಾಗಲೇ ಒಳಗೆ ಕೈ ಹಾಕಿ ಚಿಂದಿಯಿಂದ ಒರೆಸಿ ತೆಗೆದುಬಿಡುತ್ತಾರೆ. ಒಂದು ಹಾಳೆಯೂ ಹಾಳಾಗುವುದಿಲ್ಲ.

ಬೈಯುವುದಿದ್ದರೆ ಎಲ್ಲ ಒಂದೇ ಪತ್ರದಲ್ಲಿ ಬೈದು ಮುಗಿಸು.

ನಿನ್ನ ತಮ್ಮ


ಜೂನ್ 20

ಬುಗುರಿಗೆ,

ನಿನಗೆ ಈ ಹೆಸರಿಟ್ಟ ಅಜ್ಜಿಗೆ ದೊಡ್ಡ ನಮಸ್ಕಾರ. ಒಂದು ಕಡೆ ನಿಂತರೆ ಬಿದ್ದುಹೋಗುತ್ತೀಯ ಎಂದು ಅವಳಿಗೆ ಆಗಲೇ ಗೊತ್ತಿತ್ತು.

ನಿನ್ನ ಪತ್ರ ಓದಿ ಅಳುವುದೋ ನಗುವುದೋ ತಿಳಿಯಲಿಲ್ಲ. ಅಮ್ಮ ಏನಂತೆ ಎಂದಳು. ನಿನ್ನ ಮಗನಿಗೆ ಹಾಲು ಕಾಯಿಸುವುದು ಬಂದಿದೆಯಂತೆ ಎಂದೆ. ಅವಳಿಗೆ ನಾನೇ ನಿಧಾನಕ್ಕೆ ಹೇಳುತ್ತೇನೆ, ನೀನು ಬಾಯಿ ಹಾಕಬೇಡ. ಶಾಲೆ ಬಿಟ್ಟಿದ್ದಕ್ಕೆ ಬೈಯುವುದನ್ನು ಮಗು ಹುಟ್ಟಿದ ಮೇಲೆ ನೆಮ್ಮದಿಯಾಗಿ ಕೂತು ಬೈಯುತ್ತೇನೆ. ಈಗ ಉಸಿರು ಹಿಡಿಯುವುದಿಲ್ಲ. ಅವರನ್ನೂ ಬೈಯುವುದಿದೆ. ಜಗಳಕ್ಕೆ ನಿಲ್ಲುತ್ತೇನಂತೆ! ನಾನು ಸಡಿಲವಾಗಿದ್ದರಿಂದಲೇ ಆ ಮನೆ ನಡೆದಿದೆ ಎಂದು ಹೇಳು.

ಡಾಕ್ಟರು ಅಕ್ಟೋಬರ್ ಎಂದಿದ್ದಾರೆ. ಒಳಗೆ ಇರುವುದೂ ನಿನ್ನ ಜಾತಿಯೇ ಇರಬೇಕು, ಹಗಲೆಲ್ಲ ಒದೆಯುತ್ತದೆ.

ಆ ಅಯಸ್ಕಾಂತದ ವಿಷಯ ಇನ್ನೊಂದು ಸಲ ಸರಿಯಾಗಿ ಬರೆ. ಕೈ ಎಷ್ಟು ಒಳಗೆ ಹೋಗುತ್ತದೆ?

ನಿನ್ನ ಅಕ್ಕ


ಜುಲೈ 2

ಅಕ್ಕನಿಗೆ,

ನೀನು ಕೇಳಿದ್ದೀಯ, ನಾನು ಅಳೆದು ನೋಡಿದೆ. ಮೊಣಕೈವರೆಗೆ ಹೋಗುತ್ತದೆ.

ನನ್ನ ಮೊದಲ ಪತ್ರದಲ್ಲಿ ಇದನ್ನು ಕೈಚಳಕ ಎಂದು ಬರೆದಿದ್ದೆ. ನೀನು ಕೇಳಿದ ಮೇಲೆ ಮತ್ತೆ ಹೋಗಿ ಹತ್ತಿರದಿಂದ ನೋಡಿದೆ. ಉರುಳೆಯ ಪಕ್ಕದಲ್ಲಿ ಇನ್ನೊಂದು ಉರುಳೆ. ಎರಡರ ನಡುವೆ ಹಾಳೆ ಹಿಡಿಯುವ ಕಬ್ಬಿಣದ ಹಲ್ಲುಗಳು ಬಾಯಿ ತೆರೆದು ಮುಚ್ಚುತ್ತವೆ. ಭಾವ ಆ ಕಡೆ ನೋಡುವುದೂ ಇಲ್ಲ. ಕಣ್ಣು ಹಾಳೆಯ ಮೇಲೆ, ಕೈ ಒಳಗೆ. ಮಾರ್ಕು ಬೀಳಬಾರದೆಂದು ಸಡಿಲ ಕಟ್ಟಿದ ಬಟ್ಟೆ, ಒರೆಸುವ ಚಿಂದಿಯ ಕೆಳಗೆ ಮಡಿಕೆಯಾಗಿ ಏಳುತ್ತದೆ, ಇಳಿಯುತ್ತದೆ. ಬಿಗಿಯಾಗಿದ್ದರೆ ಕೈ ಜಾರಿ ಹೊರಗೆ ಬರುತ್ತಿತ್ತು. ಸಡಿಲವಾದದ್ದು ಬೆರಳನ್ನು ಹಿಡಿಯುತ್ತದೆ.

ಬಟ್ಟೆ ಹೊಸದಾಗಿದ್ದರೆ ಇಷ್ಟು ಒರೆಸಬೇಕಾಗಿಯೇ ಇರಲಿಲ್ಲ. ಇದು ಒಣಗಿದ ಇಂಕಿನಿಂದ ಗಟ್ಟಿಯಾಗಿದೆ. ಪ್ರೆಸ್ಸಿನ ಯಜಮಾನರು ಪ್ರತಿ ಸಲವೂ ‘ತರಿಸ್ತೀನಿ’ ಎನ್ನುತ್ತಾರೆ. ಬೇರೆ ಉಪಾಯಗಳೂ ಇವೆ. ಇಂಕು ತೆಳ್ಳಗೆ ಬಿಡುವುದು, ಹಾಳೆ ತೇಲುವಂತೆ ಗಾಳಿ ಹೆಚ್ಚಿಸುವುದು, ಹಾಳೆಯ ಬಿಳಿ ಅಂಚಿನ ಮೇಲಷ್ಟೇ ಓಡುವಂತೆ ಹಾಳೆ ಹೊರುವ ಚಿಕ್ಕ ಗಾಲಿಗಳನ್ನು ಸರಿಸುವುದು. ಭಾವ ಎಲ್ಲವನ್ನೂ ಮಾಡುತ್ತಾರೆ. ಆದರೆ ಈಗ ಬರುವ ಕೆಲಸಗಳಲ್ಲಿ ಬಿಳಿ ಅಂಚೇ ಇರುವುದಿಲ್ಲ. ಈ ತುದಿಯಿಂದ ಆ ತುದಿಗೆ ಗಾಢ ಬಣ್ಣ. ಗಾಲಿ ಎಲ್ಲಿಟ್ಟರೂ ಗೆರೆ.

ನಮ್ಮ ಗೇಟಿನವನನ್ನು ನೀನು ನೋಡಿದ್ದೀಯ. ಬಲಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ, ಸಲಾಮು ಎಡಗೈಯಲ್ಲಿ. ನಾನು ಇಷ್ಟು ದಿನ ಅದನ್ನು ದೌಲತ್ತು ಎಂದುಕೊಂಡಿದ್ದೆ. ಮೊನ್ನೆ ನೇರವಾಗಿ ಕೇಳಿದೆ.

‘ಬಾವಿ ಗಡಗಡೇಲಿ ಸಿಕ್ಕೊಂಡಿತ್ತು’ ಎಂದ.

‘ಯಾವ ಬಾವಿ?’

‘ನಿನಗ್ಯಾಕೋ? ನೀರು ಸೇದ್ತೀಯಾ?’

ಬೈಂಡಿಂಗಿನಲ್ಲಿ ಹಾಳೆ ಮಡಚುವ, ಎಲ್ಲರೂ ಅತ್ತೆ ಎಂದು ಕರೆಯುವ ಹೆಂಗಸು ಇದನ್ನು ಕೇಳಿಸಿಕೊಂಡು, ಅವನು ಆಚೆ ಹೋದ ಮೇಲೆ ಹೇಳಿದಳು. ‘ನಿಮ್ಮ ಭಾವನಿಗಿಂತ ಮುಂಚೆ ಆ ಮಿಷನ್ ಓಡಿಸ್ತಿದ್ದೋನು ಅವನೇ ಕಣೋ. ಬಾವಿ ಅಂತ ಹೇಳಿದ್ದಕ್ಕೇ ಗೇಟಿನ ಕೆಲಸ ಸಿಕ್ತು. ನಮ್ಮ ಯಜಮಾನ್ರು ಯಾರನ್ನೂ ಕೈಬಿಡೋರಲ್ಲ. ಉಳಿದಿರೋ ಕೈಯನ್ನಾದ್ರೂ ಹಿಡ್ಕೋತಾರೆ.’

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಮಧ್ಯಾಹ್ನದ ಊಟ ಸೇರಲಿಲ್ಲ.

ಭಾವನಿಗೆ ಹೇಳಿದೆ. ‘ಅವನಿಗೆ ಗಮನ ಇರ್ಲಿಲ್ಲ, ನನಗಿದೆ’ ಎಂದರು. ಭಾವನಿಗೆ ನಿಜವಾಗಿಯೂ ಗಮನ ಇದೆ, ಅಕ್ಕ. ಆದರೆ ಗೇಟಿನವನಿಗೂ ಇತ್ತು ಎಂದು ಅತ್ತೆ ಹೇಳುತ್ತಾಳೆ.

ನೀನು ಕೇಳಿದ್ದರಿಂದ ಬರೆದೆ. ಬರೆಯಬಾರದಿತ್ತೇನೋ ಗೊತ್ತಿಲ್ಲ.

ನಿನ್ನ ತಮ್ಮ


ಜುಲೈ 16

ತಮ್ಮಾ,

ಬರೆದದ್ದು ಒಳ್ಳೆಯದಾಯಿತು. ತಿಳಿಯದೆ ಇರುವುದಕ್ಕಿಂತ ತಿಳಿದಿರುವುದು ವಾಸಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಅವರಿಗೆ ಫೋನು ಮಾಡಿ ಕೇಳಿದೆ. ‘ನಿನ್ನ ತಮ್ಮ ಕಥೆ ಕಟ್ತಾನೆ’ ಎಂದು ನಕ್ಕರು. ನೀನು ಕಥೆ ಕಟ್ಟುವವನಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಗು ಮುಗಿದ ಮೇಲೆ ಊಟ ಆಯಿತಾ ಎಂದು ಕೇಳಿದರು.

ನಾನು ಮಲಗಿದಾಗ ಅವರ ಕೈಗಳೇ ಕಣ್ಣಿಗೆ ಬರುತ್ತವೆ. ನೀನು ಗಮನಿಸಿದ್ದೀಯೋ ಇಲ್ಲವೋ, ಅವರ ಬೆರಳುಗಳು ದಪ್ಪ. ಅಂಗಿಯ ಗುಂಡಿ ಹಾಕಿಕೊಳ್ಳಲೂ ತಡವರಿಸುತ್ತಾರೆ. ನಿನ್ನದು ಹಾಗಲ್ಲ. ಚಿಕ್ಕವನಿದ್ದಾಗ ಅಮ್ಮನ ಓಲೆ ಚರಂಡಿಯ ಜಾಲರಿಯೊಳಗೆ ಬಿದ್ದಾಗ ನೀನು ಕೈ ತೂರಿಸಿ ತೆಗೆದಿದ್ದೆ, ನೆನಪಿದೆಯಾ? ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಅವರ ಬದಲು ಬೇರೆ ಯಾರಾದರೂ ಒರೆಸಬಾರದೇ?

ಮಗುವಿಗೆ ಹೊದಿಕೆ ಹೊಲಿಯುತ್ತಿದ್ದೇನೆ. ಅಮ್ಮನಿಗೆ ಮೊಣಕಾಲು ನೋವು ಹಾಗೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಇಬ್ಬರೂ.

ಅಕ್ಕ


ಆಗಸ್ಟ್ 8

ಅಕ್ಕನಿಗೆ,

ತಡವಾಗಿ ಬರೆಯುತ್ತಿದ್ದೇನೆ. ಕೆಲಸ ಇತ್ತು.

ಈಗ ನಾನೇ ಒರೆಸುತ್ತಿದ್ದೇನೆ. ನಿನ್ನ ಪತ್ರ ಬಂದ ಮರುದಿನ ಭಾವನಿಗೆ ಹೇಳಿದೆ. ಬೇಡ ಎಂದರು. ಅವರು ನೀರು ಕುಡಿಯಲು ಹೋದಾಗ ಮಾರ್ಕು ಶುರುವಾಯಿತು. ಅಯಸ್ಕಾಂತ ಇಟ್ಟು ಒರೆಸಿಬಿಟ್ಟೆ. ವಾಪಸು ಬಂದವರು ಹಾಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದರು. ಕನ್ನಡಿಯ ಹಾಗಿತ್ತು. ಹಾಳೆಯನ್ನು ರಾಶಿಯ ಮೇಲೆ ಇಟ್ಟರು. ಅವತ್ತಿನಿಂದ ಅದು ನನ್ನ ಕೆಲಸ.

ನನ್ನ ಕೈ ಸಣ್ಣದು, ನಿಜ. ಯಜಮಾನರು ಒಂದು ದಿನ ನನ್ನ ಹಿಂದೆ ನಿಂತು ನೋಡಿದ್ದಾರೆ. ‘ಹುಡುಗನ ಕೈ ಹಾವಿನ ಹಾಗೆ ಹೋಗಿ ಬರುತ್ತಲ್ಲ ಮೇಸ್ತ್ರಿ!’ ಎಂದು ಭಾವನ ಬೆನ್ನು ತಟ್ಟಿದರು. ಭಾವ ಇಂಕಿನ ಡಬ್ಬಿಯ ಕಡೆ ನೋಡುತ್ತಿದ್ದರು. ಮಿಷನ್ನಿನ ವೇಗ ಈಗ ಹೆಚ್ಚಿದೆ. ಮೊದಲು ಒರೆಸುವಾಗ ಪೂರ್ತಿ ನಿಧಾನ ಮಾಡುತ್ತಿದ್ದರು, ಈಗ ಅರ್ಧ ಮಾಡುತ್ತಾರೆ. ಯಾರೂ ಹಾಗೆ ಮಾಡಿ ಎಂದು ಹೇಳಲಿಲ್ಲ. ತಾನಾಗಿಯೇ ಆಯಿತು.

ಗೇಟಿನವನು ಈಚೆಗೆ ನನಗೆ ಸಲಾಮು ಹೊಡೆಯುವುದನ್ನು ಬಿಟ್ಟಿದ್ದಾನೆ. ನಾನು ಬರುವಾಗ ರಸ್ತೆಯ ಆಚೆಬದಿ ನೋಡುತ್ತಾನೆ.

ನೀನು ಕೇಳಿದ್ದು ನನಗೆ ಅರ್ಥವಾಯಿತು. ಬೇಸರವಿಲ್ಲ. ಬೇಸರವಿಲ್ಲ ಎಂದು ಬರೆದ ಮೇಲೆ ಓದಿ ನೋಡಿದೆ. ಸ್ವಲ್ಪ ಇದೆ. ಸುಳ್ಳು ಬರೆಯುವುದು ಬೇಡವೆಂದು ಇದನ್ನೂ ಬರೆದೆ.

ನಿನ್ನ ತಮ್ಮ


ಆಗಸ್ಟ್ 17

ತಮ್ಮಾ,

ನಾನು ಹಾಗೆ ಕೇಳಲಿಲ್ಲ ಎಂದು ಎರಡು ಹಾಳೆ ಬರೆದೆ. ಹರಿದು ಹಾಕಿದೆ. ಕೇಳಿದ್ದೆ. ನಿನ್ನ ಹೆಸರು ಬರೆಯದೆ ಕೇಳಿದರೆ ಕೇಳಿದಂತಾಗುವುದಿಲ್ಲ ಎಂದುಕೊಂಡಿದ್ದೆ. ಓಲೆಯ ಕಥೆಯನ್ನು ಯಾಕೆ ಬರೆಯುತ್ತಿದ್ದೇನೆಂದು ಬರೆಯುವಾಗ ನನಗೆ ಗೊತ್ತಿತ್ತು.

ನೀನು ಕೈ ಹಾಕಬೇಡ. ಈ ಪತ್ರ ಸಿಕ್ಕಿದ ಗಳಿಗೆಯಿಂದ ಹಾಕಬೇಡ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಹೊಟ್ಟೆಯಲ್ಲಿರುವ ಮಗುವಿನ ಅಪ್ಪನಿಗಾಗಿ ನಿನ್ನನ್ನು ಮುಂದೆ ತಳ್ಳಿದೆ. ಅಮ್ಮನ ಮುಖ ನೋಡಲಾಗುತ್ತಿಲ್ಲ. ಅವಳಿಗೆ ಇದೊಂದೂ ಗೊತ್ತಿಲ್ಲ.

ಉತ್ತರ ಬರೆ. ಒಂದೇ ಸಾಲಾದರೂ ಸಾಕು. ನಿನ್ನ ಬಲಗೈಯಲ್ಲೇ ಬರೆ, ಅಕ್ಷರ ನೋಡಿದರೆ ನನಗೆ ತಿಳಿಯುತ್ತದೆ.

ಅಕ್ಕ


ಆಗಸ್ಟ್ 29

ಅಕ್ಕನಿಗೆ,

ಬಲಗೈಯಲ್ಲೇ ಬರೆಯುತ್ತಿದ್ದೇನೆ. ನೋಡು, ನನ್ನ ಅಕ್ಷರ ಎಂದಿನ ಹಾಗೆ ಕೋಳಿ ಕೆದಕಿದಂತೆಯೇ ಇದೆ.

ನಿನ್ನ ಪತ್ರ ಮನೆಗೆ ಬಂದು ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನಾವು ಸಂಜೆ ಬಂದು ನೋಡಿದೆವು. ಆ ದಿನ ಬೆಳಿಗ್ಗೆಯೇ ನಡೆದದ್ದನ್ನು ಈಗ ಹೇಳುತ್ತೇನೆ. ಪೂರ್ತಿ ಓದು, ನಡುವೆ ಅಮ್ಮನನ್ನು ಕರೆಯಬೇಡ. ನನಗೇನೂ ಆಗಿಲ್ಲ.

ಕಪ್ಪು ರಕ್ಷಾಪುಟದ ಕೆಲಸ. ತುದಿಯಿಂದ ತುದಿಗೆ ಕಪ್ಪು. ಬಟ್ಟೆಗೆ ಇಂಕು ಬೇಗಬೇಗ ಹತ್ತುತ್ತಿತ್ತು. ಅಯಸ್ಕಾಂತ ಇಟ್ಟೆ, ಬಾಗಿಲು ತೆಗೆದೆ, ಕೈ ಹಾಕಿದೆ. ಚಿಂದಿಯ ಅಂಚು ಬಟ್ಟೆಯ ಮಡಿಕೆಗೆ ಸಿಕ್ಕಿತು. ಎಳೆಯಿತು ಎಂದು ನನಗೆ ಅನ್ನಿಸಲೇ ಇಲ್ಲ. ಮಗು ಬೆರಳು ಹಿಡಿದುಕೊಂಡ ಹಾಗೆ ಮೆತ್ತಗಿತ್ತು. ಆಮೇಲೆ ಕೈ ಖಾಲಿಯಾಗಿತ್ತು. ಚಿಂದಿ ಇರಲಿಲ್ಲ. ನಾನು ಬೆರಳು ಬಿಚ್ಚಿದ್ದು ನನಗೆ ನೆನಪಿಲ್ಲ. ಒಳಗೆ ದಪ್ ಎಂದು ಒಂದು ಸದ್ದಾಯಿತು. ಮಿಷನ್ ನಿಲ್ಲಲಿಲ್ಲ. ಅದಕ್ಕೆ ಬಾಗಿಲು ಮುಚ್ಚಿದೆ ಎಂದೇ ಲೆಕ್ಕ. ಆ ತುದಿಯಲ್ಲಿ ಹಾಳೆಗಳು ಬೀಳುತ್ತಲೇ ಇದ್ದವು. ಕಪ್ಪಿನ ನಟ್ಟನಡುವೆ ಚಿಂದಿಯ ನೇಯ್ಗೆ, ಎಳೆ ಎಳೆಯಾಗಿ, ಫೋಟೊ ತೆಗೆದ ಹಾಗೆ.

ಭಾವ ಕೆಂಪು ಗುಂಡಿ ಒತ್ತಿದರು. ನನ್ನ ಹತ್ತಿರ ಬಂದು ಬಲಗೈ ಹಿಡಿದು, ಒಂದೊಂದು ಬೆರಳನ್ನೂ ಮಡಚಿ, ಬಿಡಿಸಿ ನೋಡಿದರು. ಎಡಗೈಯದ್ದನ್ನೂ ನೋಡಿದರು. ಎಡಗೈ ಹೊರಗೇ ಇತ್ತು. ಅವರ ಹಣೆಯ ಬೆವರು ನನ್ನ ಕೈಮೇಲೆ ಬಿತ್ತು.

‘ನಿನಗೆ ಇದನ್ನ ಮಾಡು ಅಂತ ಯಾರು ಹೇಳಿದ್ದು?’ ಎಂದರು.

ಅಕ್ಕ, ನಾನು ಆ ಕ್ಷಣ ಸುಮ್ಮನಿರಬೇಕಿತ್ತು. ಆಗಲಿಲ್ಲ. ‘ಅಕ್ಕ ಕೇಳಿದ್ಲು, ನಿಮ್ಮ ಬದಲು ಬೇರೆ ಯಾರಾದ್ರೂ ಒರೆಸಬಾರದಾ ಅಂತ’ ಎಂದೆ. ಭಾವ ನನ್ನ ಕೈ ಬಿಟ್ಟರು. ಅಯಸ್ಕಾಂತ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

ಮರುದಿನ ನಾನು ಯಜಮಾನರ ಹತ್ತಿರ ಹೋದೆ. ಭಾವನೂ ಬಂದರು, ನನ್ನನ್ನು ತಡೆಯಲು. ನಾನು ಎಲ್ಲವನ್ನೂ ಹೇಳಿದೆ.

‘ಮ್ಯಾಗ್ನೆಟ್ಟಾ? ಯಾವ ಮ್ಯಾಗ್ನೆಟ್ಟಪ್ಪ?’ ಎಂದರು ಯಜಮಾನರು. ಅವರ ದನಿ ಎಷ್ಟು ಮೃದುವಾಗಿತ್ತೆಂದರೆ, ನಾನೇ ತಪ್ಪು ಬಾಗಿಲಿಗೆ ಬಂದೆನೇನೋ ಅನ್ನಿಸಿತು. ‘ಏನು ಮೇಸ್ತ್ರಿ, ಹಾಗೆ ಮಾಡು ಅಂತ ನಾನು ಯಾವತ್ತಾದ್ರೂ ಹೇಳಿದೀನಾ?’

‘ಇಲ್ಲ’ ಎಂದರು ಭಾವ.

‘ಮಾರ್ಕ್ ಬೀಳಬಾರದು ಅಂದಿದೀನಿ, ಅಷ್ಟೇ. ಹೇಗೆ ಅನ್ನೋದು ನಿಮ್ಮ ಕಸುಬು. ನಾನು ಕೈ ಹಾಕಲ್ಲ.’

ಹೊಸ ಬಟ್ಟೆ ಕೇಳಿದೆ. ತರಿಸ್ತೀನಿ ಎಂದರು.

ಆಮೇಲೆ ಮೂರು ದಿನ ನಾವು ಸರಿಯಾದ ಕ್ರಮದಲ್ಲೇ ಓಡಿಸಿದೆವು. ಮಾರ್ಕು ಕಂಡ ಕೂಡಲೇ ಮಿಷನ್ ಪೂರ್ತಿ ನಿಲ್ಲಿಸಿ, ಗುಂಡಿಗೆ ಬೀಗ ಹಾಕಿ, ಒರೆಸಿ, ಕೈ ತೆಗೆದ ಮೇಲೆ ಒಂದಿಷ್ಟು ತಿರುಗಿಸಿ, ಮತ್ತೆ ನಿಲ್ಲಿಸಿ, ಮತ್ತೆ ಒರೆಸಿ. ಬಂದ ಹಾಳೆಗಳು ಎಷ್ಟು ಚೆನ್ನಾಗಿದ್ದವು ಗೊತ್ತಾ! ಆದರೆ ಪ್ರತಿ ಸಲ ನಿಲ್ಲಿಸಿ ಶುರು ಮಾಡಿದಾಗ ಬಣ್ಣ ಕೂಡಲು ಒಂದಿಷ್ಟು ಹಾಳೆ ದಂಡ. ಸಂಜೆಯ ಹೊತ್ತಿಗೆ ರಾಶಿ ಎಂದಿನ ಅರ್ಧಕ್ಕೂ ಬರಲಿಲ್ಲ. ಯಜಮಾನರು ಬಂದು ಹಾಳೆ ನೋಡಲಿಲ್ಲ, ರಾಶಿಯ ಎತ್ತರ ನೋಡಿದರು. ಮುಗುಳ್ನಕ್ಕು ಹೋದರು. ನಾಲ್ಕನೆಯ ದಿನ ಭಾವನ ಜೇಬು ಖಾಲಿಯಿತ್ತು. ಅಯಸ್ಕಾಂತ ಸ್ವಿಚ್ಚಿನ ಮೇಲಿತ್ತು. ನನ್ನನ್ನು ಹಾಳೆ ತುಂಬುವ ತುದಿಗೆ ಕಳಿಸಿದರು. ಹತ್ತಿರ ಬಂದರೆ ಕಾಲು ಮುರಿಯುತ್ತೇನೆ ಎಂದರು.

ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಕಾರ್ಖಾನೆ ತಪಾಸಣೆಯ ಕಚೇರಿ ಇದೆ. ಹೋಗಿ ಹೇಳಿದರೆ ಬಂದು ಮಿಷನ್ನಿಗೆ ಬೀಗ ಹಾಕುತ್ತಾರಂತೆ, ಬೈಂಡಿಂಗ್ ಅತ್ತೆ ಹೇಳಿದಳು. ಜೊತೆಗೆ ಬಂದು ಒಂದು ಮಾತು ಹೇಳು ಎಂದು ಗೇಟಿನವನನ್ನು ಕೇಳಿದೆ. ‘ಬಾವಿ ಗಡಗಡೆಗೆ ಅವರ್ಯಾಕೆ ಬೀಗ ಹಾಕ್ತಾರೋ?’ ಎಂದು ಕುರ್ಚಿ ತಿರುಗಿಸಿ ಕೂತ.

ಹೇಳಿದರೆ ಭಾವನ ಕೆಲಸ ಹೋಗುತ್ತದೆ. ಅಯಸ್ಕಾಂತ ಇಟ್ಟವರು ಅವರೇ ತಾನೆ. ಪ್ರೆಸ್ಸಿನವರು ಕೊಟ್ಟ ಈ ಮನೆಯೂ ಹೋಗುತ್ತದೆ, ನಿನ್ನ ಹೆರಿಗೆಯ ಹೊತ್ತಿಗೆ ಸರಿಯಾಗಿ. ಹೇಳದಿದ್ದರೆ ಏನು ಹೋಗುತ್ತದೆ ಎಂದು ನಿನಗೂ ಗೊತ್ತು.

ಹೋಗಲೋ, ಬೇಡವೋ? ನೀನು ಹೇಳು.

ನಿನ್ನ ತಮ್ಮ


ಸೆಪ್ಟೆಂಬರ್ 10

ಪ್ರೀತಿಯ ಮನೆಯವಳಿಗೆ,

ಕ್ಷೇಮ. ನಿನ್ನ ಆರೋಗ್ಯ ನೋಡಿಕೋ. ಇಲ್ಲಿ ಎಲ್ಲ ಚೆನ್ನಾಗಿದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಸರಿ ಮಾಡಿದೆ. ಕಿಟಕಿಗೆ ಹೊಸ ಪರದೆ ಹಾಕಿದೆ. ಮಗುವಿಗೆ ಬಿಸಿಲು ಬೀಳುತ್ತದೆ ಎಂದು ನೀನು ಹೇಳಿದ್ದೆಯಲ್ಲ, ಮಂಚವನ್ನು ನೆರಳಿನ ಮೂಲೆಗೆ ಸರಿಸಿದೆ. ನಿನ್ನ ತಮ್ಮ ಒಳ್ಳೆಯ ಹುಡುಗ. ಬಾಯಿಗೆ ಬೀಗವಿಲ್ಲ ಅಷ್ಟೇ. ಅವನು ಬರೆದದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಅವನಿಗೆ ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ.

ಯಜಮಾನರು ಬೇರೆ ಪ್ರೆಸ್ಸಿನಿಂದ ಬಟ್ಟೆ ತರಿಸಿದ್ದಾರೆ. ಹಾಳೆಗಳು ಈಗ ಬಹಳ ಚೆನ್ನಾಗಿ ಬರುತ್ತಿವೆ. ಒಂದೂ ಮಾರ್ಕಿಲ್ಲ.

ಮಗುವಿಗೆ ಹೆಸರು ಯೋಚಿಸಿಟ್ಟಿದ್ದರೆ ಈಗಲೇ ಬರೆದು ಕಳಿಸು. ಬಂದ ಮೇಲೆ ಎಂದು ಇಟ್ಟುಕೊಳ್ಳಬೇಡ.

ನಿನ್ನವನು


ಸೆಪ್ಟೆಂಬರ್ 19

ತಮ್ಮಾ,

ನಿನ್ನ ಅಕ್ಷರ ನೋಡಿದೆ. ಅದಕ್ಕೆ ಕೈಮುಗಿದೆ, ನಗಬೇಡ.

ಇವರ ಪತ್ರವೂ ಬಂತು. ಮದುವೆಯಾದ ಮೇಲೆ ಇವರು ನನಗೆ ಬರೆದ ಮೊದಲ ಪತ್ರ ಅದು. ನಲ್ಲಿ, ಪರದೆ, ಮಂಚ. ಹೊರಟು ನಿಂತವರು ಮನೆ ಒಪ್ಪ ಮಾಡುವ ಹಾಗಿದೆ. ಫೋನು ಮಾಡಿದರೆ ಮಿಷನ್ನಿನ ಸದ್ದು ಕೇಳಿಸುತ್ತದೆ, ಅವರು ‘ಆಮೇಲೆ ಮಾಡ್ತೀನಿ’ ಎನ್ನುತ್ತಾರೆ.

ಅಮ್ಮನಿಗೆ ನಿನ್ನ ಶಾಲೆಯ ವಿಷಯ ಹೇಳಿದೆ. ‘ನನಗೆ ಗೊತ್ತಿತ್ತು’ ಎಂದಳು. ನಮ್ಮ ಮನೆಯಲ್ಲಿ ಯಾರಿಗೆ ಏನು ಗೊತ್ತಿರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹೊದಿಕೆ ಹೊಲಿದು ಮುಗಿಯಿತು. ಹಳದಿ ದಾರ ಸಾಲದೆ ಒಂದು ಅಂಚಿಗೆ ಹಸಿರು ಹಾಕಿದ್ದೇನೆ. ಡಾಕ್ಟರು ಇನ್ನು ಮೂರು ವಾರ ಎಂದಿದ್ದಾರೆ. ಕಾಲು ಊದಿದೆ. ಪ್ರಯಾಣ ಬೇಡ ಎಂದಿದ್ದಾರೆ, ಇಲ್ಲದಿದ್ದರೆ ನಾನೇ ಬಂದು ಆ ಮಿಷನ್ನಿನ ಮುಂದೆ ಕೂರುತ್ತಿದ್ದೆ.

ನೀನು ಕೇಳಿದ್ದರ ಬಗ್ಗೆ ನಾನು ಏನೂ ಬರೆಯಲಾರೆ.

ಅಕ್ಕ


ಸೆಪ್ಟೆಂಬರ್ 30

ಅಕ್ಕನಿಗೆ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹೋಗು ಎಂಬ ಮಾತು ಅದರಲ್ಲಿಲ್ಲ. ಬೇಡ ಎಂಬುದೂ ಇಲ್ಲ. ಹಿಂದೊಮ್ಮೆ ನೀನು ಬರೆಯದೆ ಬಿಟ್ಟದ್ದನ್ನು ಓದಿ, ಅದರಂತೆ ನಡೆದೆ. ಈ ಸಲ ಹಾಗೆ ಓದುವುದಿಲ್ಲ. ಇದು ನನ್ನ ತೀರ್ಮಾನ, ನಿನ್ನದಲ್ಲ. ನಾಳೆ ಯಾರಾದರೂ ಕೇಳಿದರೆ ನಿನಗೆ ಗೊತ್ತಿರಲಿಲ್ಲ ಎಂದು ಹೇಳಬೇಡ, ಸುಳ್ಳಾಗುತ್ತದೆ. ತಮ್ಮ ತಾನೇ ನಿರ್ಧರಿಸಿದ ಎಂದು ಹೇಳು, ಅದು ನಿಜ.

ಯಜಮಾನರು ತರಿಸಿದ್ದು ಹೊಸ ಬಟ್ಟೆಯಲ್ಲ. ಬೇರೆಯವರು ಬಿಸಾಡಿದ್ದು, ಬರುವಾಗಲೇ ಗಟ್ಟಿಯಾಗಿತ್ತು. ಗಟ್ಟಿ ಬಟ್ಟೆ ಹಾಳೆಯ ಜೊತೆ ಸರಿಯಬೇಕಾದರೆ ಇನ್ನೂ ಸಡಿಲ ಕಟ್ಟಬೇಕು. ಭಾವ ಕಟ್ಟಿದ್ದಾರೆ. ದೂರದಿಂದ ನೋಡಿದರೂ ಅದು ಉರುಳೆಯ ಮೇಲೆ ಉಸಿರಾಡುವುದು ಕಾಣುತ್ತದೆ. ಒಂದು ದಿನ ಭಾವನ ಕಿರುಬೆರಳಿನ ಉಗುರು ಕಪ್ಪಾಗಿತ್ತು. ಬಾಗಿಲಿಗೆ ಸಿಕ್ಕಿತು ಎಂದರು. ಯಾವ ಬಾಗಿಲು ಎಂದು ನಾನು ಕೇಳಲಿಲ್ಲ. ಅವರು ಹಾಗೆ ಹೇಳುವುದನ್ನು ಕೇಳಿದ ಮೇಲೆ ನನಗೆ ಇನ್ನು ಕಾಯಲಾಗಲಿಲ್ಲ. ಗೇಟಿನವನೂ ಹೀಗೆಯೇ ಶುರು ಮಾಡಿರಬೇಕು.

ಕಪ್ಪು ರಕ್ಷಾಪುಟದ ಕೆಲಸ ಮತ್ತೆ ಬಂದಿದೆ. ಕಳೆದ ಸಲದ್ದಕ್ಕಿಂತ ದೊಡ್ಡದು. ನಾಳೆ ಬೆಳಿಗ್ಗೆ ಶುರು. ಕಾಗದವನ್ನು ಇವತ್ತೇ ತುದಿಯಲ್ಲಿ ಏರಿಸಿಟ್ಟಿದ್ದೇವೆ. ನನ್ನ ಕೈಯಿಂದಲೇ ಏರಿಸಿದೆ.

ಸಂಜೆ ಭಾವ ಈರುಳ್ಳಿ ಹೆಚ್ಚುತ್ತಿದ್ದರು. ಬೆನ್ನ ಹಿಂದೆ ಮಾಡುವ ಕೆಲಸ ಇದಲ್ಲ ಎಂದು ಎದುರಿಗೇ ಹೋಗಿ ನಿಂತೆ.

‘ಭಾವ, ನಾಳೆ ನಾನು ತಪಾಸಣೆ ಕಚೇರಿಗೆ ಹೋಗ್ತೀನಿ. ಮ್ಯಾಗ್ನೆಟ್ ವಿಷಯ ಹೇಳ್ತೀನಿ.’

ಈಳಿಗೆಯ ಸದ್ದು ನಿಲ್ಲಲಿಲ್ಲ.

‘ಹೇಳಿದ್ರೆ ಏನಾಗುತ್ತೆ?’

‘ಮಿಷನ್‌ಗೆ ಬೀಗ ಹಾಕ್ತಾರೆ.’

‘ಆಮೇಲೆ?’

‘ನಿಮ್ಮ ಕೆಲಸ ಹೋಗುತ್ತೆ.’

‘ಆಮೇಲೆ?’

‘ಈ ಮನೆ.’

‘ಆಮೇಲೆ ನಿಮ್ಮಕ್ಕ ಮಗು ಎತ್ಕೊಂಡು ಎಲ್ಲಿಗೆ ಬರ್ತಾಳೆ?’

‘ಗೊತ್ತಿಲ್ಲ ಭಾವ.’

‘ಮ್ಯಾಗ್ನೆಟ್ ಇಟ್ಟೋರು ಯಾರು ಅಂತ ಕೇಳಿದ್ರೆ?’

‘ನೀವು. ನಾನೂ.’

‘ಯಜಮಾನ್ರು?’

‘ಅವರು ಹೇಳಿಲ್ಲ ಅಂತ ನೀವೇ ಒಪ್ಪಿಕೊಂಡ್ರಲ್ಲ.’

ಭಾವ ನಕ್ಕರು. ಬಹಳ ದಿನದ ಮೇಲೆ ನಕ್ಕರು. ‘ನಿನ್ನಂಥೋನು ಒಬ್ಬ ಮನೇಲಿದ್ರೆ ಹೊರಗಡೆ ಶತ್ರುಗಳೇ ಬೇಡ ಕಣೋ.’ ಈರುಳ್ಳಿಯಿಂದಲೋ ಏನೋ, ಕಣ್ಣು ಒರೆಸಿಕೊಂಡರು.

‘ನಾಳೆ ಒಂದು ದಿನ ರಜ ಹಾಕಿ ಭಾವ. ಒಂದೇ ದಿನ. ಹುಷಾರಿಲ್ಲ ಅನ್ನಿ.’

‘ನೀನು ಸುಳ್ಳು ಹೇಳು ಅಂತಿದೀಯಾ?’

ಹೌದು, ಅಕ್ಕ, ನಾನು ಅದನ್ನೇ ಹೇಳುತ್ತಿದ್ದೆ.

‘ನಾನು ಹೋಗದಿದ್ರೆ ಇನ್ನೊಬ್ಬನ್ನ ನಿಲ್ಲಿಸ್ತಾರೆ. ಆ ಬಟ್ಟೆ ಅವನಿಗೆ ಗೊತ್ತಿಲ್ಲ’ ಎಂದರು. ಊಟ ಬಡಿಸಿದರು. ನನ್ನ ತಟ್ಟೆಗೆ ಎರಡು ಸಲ ಹಾಕಿದರು. ತಟ್ಟೆ ತೊಳೆದು ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡ ಮೇಲೆ ಹೇಳಿದರು:

‘ಹೋಗೋದಾದ್ರೆ ನಾನು ಏಳೋಕ್ಕೆ ಮುಂಚೆ ಹೋಗು. ಎಚ್ಚರ ಇದ್ರೆ ತಡೀತೀನಿ. ತಡೆದ್ರೆ ನೀನು ನಿಂತುಬಿಡ್ತೀಯ.’

ಅವರು ನಿದ್ದೆ ಮಾಡಿಲ್ಲ. ನಾನು ಬರೆಯುವ ಸದ್ದು ಅವರಿಗೆ ಕೇಳುತ್ತಿದೆ.

ಮೊದಲ ಬಸ್ಸು ಹಿಡಿದರೂ ನಾನು ಅಲ್ಲಿ ಇಳಿಯುವುದು ಮಧ್ಯಾಹ್ನ. ಇಲ್ಲಿ ಮಿಷನ್ ಬೆಳಿಗ್ಗೆಯೇ ಶುರುವಾಗುತ್ತದೆ. ಈ ಪತ್ರವನ್ನು ಬಸ್ ನಿಲ್ದಾಣದ ಡಬ್ಬಿಗೆ ಹಾಕುತ್ತೇನೆ. ನಾಳೆ ಹೊರಡುತ್ತೇನೆ.

ನಿನ್ನ ತಮ್ಮ